ಸವೆಯುವ ಮಂಡಿಯನ್ನು ಕೊಯ್ಯದೆ ನೋಡುವುದು

ಮಂಡಿನೋವೆಂದು ಮೂಳೆ ಡಾಕ್ಟರ ಬಳಿ ಹೋದವರಿಗೆ ಆ ಕಪ್ಪು ಹಾಳೆ ಚೆನ್ನಾಗಿ ಗೊತ್ತು. ಬೆಳಕಿನ ಪೆಟ್ಟಿಗೆಗೆ ಎಕ್ಸ್‌-ರೇ ಸಿಕ್ಕಿಸಿ, ತೊಡೆಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಪೆನ್ನಿನ ತುದಿ ಇಟ್ಟು, "ನೋಡಿ, ಇಲ್ಲಿ ಗ್ಯಾಪ್ ಕಮ್ಮಿಯಾಗಿದೆ, ಸವೆದಿದೆ" ಎನ್ನುತ್ತಾರೆ ಡಾಕ್ಟರು. ಅವರು ಹೇಳುವುದು ಸರಿಯೇ. ಸವೆದ ವಸ್ತು ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಎರಡು ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್, ಎಕ್ಸ್‌-ರೇ ಕಿರಣವನ್ನು ತಡೆಯುವುದು ಸುತ್ತಲಿನ ನೀರು, ಮಾಂಸ ತಡೆಯುವಷ್ಟೇ. ಹೀಗಾಗಿ ಅದು ಚಿತ್ರದಲ್ಲಿ ಬರಿಯ ಖಾಲಿ ಜಾಗವಾಗಿ ಕಾಣುತ್ತದೆ. ಖಾಲಿ ಜಾಗ ಕಿರಿದಾದರೆ ಒಳಗಿದ್ದದ್ದು ತೆಳುವಾಗಿರಬೇಕು ಎಂಬುದು ನಮ್ಮ ಊಹೆ.

ಈ ಖಾಲಿ ಜಾಗ ಎಕ್ಸ್‌-ರೇಯಷ್ಟೇ ಹಳೆಯದು. 1895ರ ಡಿಸೆಂಬರಿನಲ್ಲಿ ವಿಲ್‌ಹೆಲ್ಮ್ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಅದನ್ನು ನೋಡಿದವರ ಕಣ್ಣು ಉಂಗುರದ ಮೇಲೆ ನಿಲ್ಲುತ್ತದೆ. ಬೆರಳಿನ ಗೆಣ್ಣುಗಳನ್ನು ನೋಡಿದರೆ ಅಲ್ಲೂ ಮೂಳೆಮೂಳೆಯ ನಡುವೆ ಅದೇ ಖಾಲಿ ಜಾಗ. 1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಈ ಖಾಲಿ ಜಾಗ, ಮೂಳೆಯಂಚಿನಲ್ಲಿ ಎದ್ದ ಮುಳ್ಳುಗಳು, ಗಟ್ಟಿಯಾದ ಮೂಳೆ ಇವನ್ನೆಲ್ಲ ಸೇರಿಸಿ ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆ ಕೊಟ್ಟರು. ಇವತ್ತಿಗೂ ಮಂಡಿ ಸವೆತದ ರಿಪೋರ್ಟಿನಲ್ಲಿ 'ಗ್ರೇಡ್ 2', 'ಗ್ರೇಡ್ 3' ಎಂದು ಬರೆಯುವುದು ಆ ಲೆಕ್ಕದಲ್ಲೇ. ಆದರೆ ಗ್ಯಾಪ್ ಕಿರಿದಾಗುವುದಕ್ಕೆ ಮೃದ್ವಸ್ಥಿಯೊಂದೇ ಕಾರಣವಲ್ಲ. ಎರಡು ಮೂಳೆಗಳ ನಡುವೆ ಕೂತಿರುವ ಮೆನಿಸ್ಕಸ್ ಎಂಬ ಅರೆಚಂದ್ರಾಕಾರದ ಮೆತ್ತೆ ಹೊರಕ್ಕೆ ಜಾರಿದರೂ ಗ್ಯಾಪ್ ಇಳಿಯುತ್ತದೆ. ಚಿತ್ರ ತೆಗೆಯುವಾಗ ಮಂಡಿ ಎಷ್ಟು ಬಾಗಿತ್ತು, ರೋಗಿ ನಿಂತಿದ್ದರೋ ಮಲಗಿದ್ದರೋ ಎಂಬುದರಿಂದಲೂ ಅಳತೆ ಬದಲಾಗುತ್ತದೆ. ಮೃದ್ವಸ್ಥಿ ಒಳಗಿಂದೊಳಗೆ ಹಾಳಾಗುತ್ತಿದ್ದು ದಪ್ಪ ಇನ್ನೂ ಇಳಿಯದಿದ್ದರಂತೂ ಎಕ್ಸ್‌-ರೇಗೆ ಅದರ ಸುಳಿವೇ ಸಿಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆಯುವ ಈ ಕಾಯಿಲೆ, ಇತ್ತು. ಅವರಲ್ಲಿ ನೂರಕ್ಕೆ ಅರವತ್ತು ಮಂದಿ ಹೆಂಗಸರು. ಹೆಚ್ಚಿನವರಿಗೆ ಕಾಡುವುದು ಮಂಡಿಯೇ. ಇಷ್ಟು ಜನರ ಕಾಯಿಲೆಯನ್ನು ಅದರ ಜಾಡಿನಲ್ಲೇ ನಿಲ್ಲಿಸಬಲ್ಲದು ಎಂದು ರುಜುವಾತಾಗಿ ಮಂಜೂರಾದ ಔಷಧಿ ಒಂದೂ ಇಲ್ಲ. ನೋವು ತಗ್ಗಿಸುವ ಮಾತ್ರೆ ಇದೆ, ವ್ಯಾಯಾಮ ಇದೆ, ತೂಕ ಇಳಿಸುವ ಸಲಹೆ ಇದೆ, ಕೊನೆಗೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಔಷಧಿ ಏಕಿಲ್ಲ ಎಂಬುದಕ್ಕೆ ಕಾರಣಗಳು ಹಲವು. ನನ್ನ ದೃಷ್ಟಿಯಲ್ಲಿ ಅವುಗಳಲ್ಲಿ ದೊಡ್ಡದು, ಕಾಯಿಲೆ ಶುರುವಾಗುವ ಹೊತ್ತಿನಲ್ಲಿ ಅದನ್ನು ನೋಡುವ ಕಣ್ಣು ನಮಗಿರಲಿಲ್ಲ ಎಂಬುದು. ಕಳೆದ ಮೂವತ್ತು ವರ್ಷಗಳಲ್ಲಿ ಆ ಕಣ್ಣನ್ನು ಒಂದೊಂದೇ ಪ್ರಯೋಗಾಲಯ ಕಟ್ಟುತ್ತ ಬಂದಿದೆ.

ಮೊದಲು ಆ ಅಂಗಾಂಶವನ್ನೇ ನೋಡಬೇಕು. ಮಂಡಿಯಲ್ಲಿ ಮೃದ್ವಸ್ಥಿಯ ದಪ್ಪ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಿಲಿಮೀಟರ್. ಮಂಡಿಚಿಪ್ಪಿನ ಹಿಂಬದಿಯಲ್ಲಿ ಇನ್ನೂ ಹೆಚ್ಚು. ಅದರೊಳಗೆ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಅದು ಹರಿದರೂ ಸವೆದರೂ ತಾನಾಗಿ ನೋಯುವುದಿಲ್ಲ. ರಕ್ತವಿಲ್ಲದ್ದರಿಂದ ಗಾಯ ಮಾಯುವುದೂ ಇಲ್ಲ. ಮೃದ್ವಸ್ಥಿ ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲವೆಂದು ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದ. ಆ ಮಾತನ್ನು ಸುಳ್ಳು ಮಾಡುವುದು ಇಂದಿಗೂ ಸಾಧ್ಯವಾಗಿಲ್ಲ.

ತೂಕದಲ್ಲಿ ಮೃದ್ವಸ್ಥಿಯ ಮುಕ್ಕಾಲು ಪಾಲು ನೀರೇ. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕನ್ ಎಂಬ ದೊಡ್ಡ ಅಣುಗಳು. ಅವುಗಳ ಮೈತುಂಬ ಋಣ ವಿದ್ಯುದಂಶ. ಋಣಾಂಶಗಳು ಒಂದನ್ನೊಂದು ದೂಡುತ್ತವೆ, ಧನಾಂಶದ ಸೋಡಿಯಂ ಅಯಾನುಗಳನ್ನು ಸೆಳೆಯುತ್ತವೆ, ಸೋಡಿಯಂ ಜೊತೆಗೆ ನೀರೂ ನುಗ್ಗುತ್ತದೆ. ತಡೆಯಿಲ್ಲದಿದ್ದರೆ ಇಡೀ ಅಂಗಾಂಶ ಉಬ್ಬುತ್ತಲೇ ಹೋಗಬೇಕಿತ್ತು. ತಡೆಯುವುದು ಕೊಲಾಜನ್ ನಾರಿನ ಬಲೆ. ನೆನೆದ ಹೆಸರುಕಾಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಕಾಳು ಉಬ್ಬಿ ಗಂಟು ಕಲ್ಲಿನಂತಾಗುತ್ತದಲ್ಲ, ಮೃದ್ವಸ್ಥಿಯ ಗಟ್ಟಿತನವೂ ಅಂಥದ್ದೇ. ನಡೆಯುವಾಗ ಮೈತೂಕದ ಎರಡು-ಮೂರು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. ಅದನ್ನು ಹೊರುವುದು ಬಲೆಯೊಳಗೆ ಸಿಕ್ಕಿಬಿದ್ದ ಈ ನೀರು.

ಈ ಬಲೆಯ ಎಳೆಯ ರಚನೆ ಬಿಡಿಸಿದ ಕೀರ್ತಿಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಕೊಲಾಜನ್ ಅಣು ಮೂರು ಎಳೆ ಹೆಣೆದ ಸುರುಳಿ ಎಂದು 1954-55ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಲೋಕಕ್ಕೆ ತಿಳಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಭೌತವಿಜ್ಞಾನದ ಸಂಶೋಧನೆ ಕಲಿತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಕೈಕೆಳಗೆ. 1970ರ ದಶಕದ ಆರಂಭದಲ್ಲಿ ಅವರು ಅಲ್ಲಿಗೇ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ಬಲೆ ಎಷ್ಟು ಹಳೆಯದು ಎಂಬುದು ಇತ್ತೀಚೆಗೆ ತಿಳಿದ ಸಂಗತಿ, ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸಿದ್ದು. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು, ಆಮೇಲೆ ಮೆಲ್ಲಗೆ ಇಳಿಯಿತು. ದೇಹದ ಯಾವ ಭಾಗ ಯಾವಾಗ ಕಟ್ಟಿದ್ದು ಎಂದು ಆ ಏರಿಳಿತದಿಂದ ಹೇಳಬಹುದು. ಡೆನ್ಮಾರ್ಕಿನ ಕಾಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು 2016ರಲ್ಲಿ ಮನುಷ್ಯರ ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದರು. ಬೆಳವಣಿಗೆ ಮುಗಿದ ಮೇಲೆ ಅಲ್ಲಿನ ಕೊಲಾಜನ್ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಸವೆತದ ಕಾಯಿಲೆ ಇದ್ದವರಲ್ಲೂ ಇಲ್ಲ. ಅಂದರೆ ಎಪ್ಪತ್ತರ ಅಜ್ಜಿ ನಡೆಯುತ್ತಿರುವುದು ತಾನು ಹುಡುಗಿಯಾಗಿದ್ದಾಗ ನೇಯ್ದ ಬಲೆಯ ಮೇಲೆ. ಪ್ರೋಟಿಯೋಗ್ಲೈಕನ್ ಹೋದರೆ ಜೀವಕೋಶಗಳು ಒಂದಷ್ಟು ತಯಾರಿಸಿಕೊಡುತ್ತವೆ. ಬಲೆ ಹರಿದರೆ ಅದಕ್ಕೆ ಬದಲಿ ಇಲ್ಲ.

ಹಾಗಾಗಿ ನೋಡಬೇಕಾದ ಗಳಿಗೆ ಒಂದೇ: ಪ್ರೋಟಿಯೋಗ್ಲೈಕನ್ ಸೋರಿಹೋಗಲು ತೊಡಗಿ, ಬಲೆ ಇನ್ನೂ ಹರಿಯದ ಆ ಹೊತ್ತು.

ಅದನ್ನು ನೋಡುವ ಹಳೆಯ, ಇಂದಿಗೂ ನೆಚ್ಚಿನ ದಾರಿ ಕೊಯ್ದು ಬಣ್ಣ ಹಾಕುವುದು. ಇಲಿಯ ಮಂಡಿಯೊಂದು ಪ್ರಯೋಗಾಲಯಕ್ಕೆ ಬಂತೆನ್ನಿ. ಮೊದಲು ಫಾರ್ಮಲಿನ್‌ನಲ್ಲಿ ಮುಳುಗಿಸಿ ಕೊಳೆಯದಂತೆ ಮಾಡುತ್ತಾರೆ. ಮೂಳೆ ಗಟ್ಟಿಯಿರುವುದರಿಂದ ಬ್ಲೇಡು ಇಳಿಯದು. ಅದಕ್ಕೇ ಕ್ಯಾಲ್ಸಿಯಂ ಕರಗಿಸುವ ದ್ರಾವಣದಲ್ಲಿ ವಾರಗಟ್ಟಲೆ ನೆನೆಹಾಕುತ್ತಾರೆ. ಆಮೇಲೆ ನೀರು ತೆಗೆದು, ಮೇಣದಲ್ಲಿ ಅಚ್ಚು ಹಾಕಿ, ಮೈಕ್ರೋಟೋಮ್ ಯಂತ್ರದಲ್ಲಿ ಐದಾರು ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಹೆರೆಯುತ್ತಾರೆ. ಹೆರೆದ ಪದರ ಬೆಚ್ಚನೆಯ ನೀರಿನ ಮೇಲೆ ತೇಲುತ್ತದೆ, ಗಾಜಿನ ಪಟ್ಟಿಯಿಂದ ಅದನ್ನು ಎತ್ತಿಕೊಳ್ಳಬೇಕು, ಸುಕ್ಕಾದರೆ ಅದು ಹೋಯಿತು. ಕೊನೆಗೆ ಸಫ್ರಾನಿನ್-ಒ ಎಂಬ ಕೆಂಪು ಬಣ್ಣ. ಅದು ಋಣಾಂಶ ಇರುವಲ್ಲಿ ಅಂಟಿಕೊಳ್ಳುತ್ತದೆ. ಪ್ರೋಟಿಯೋಗ್ಲೈಕನ್ ತುಂಬಿದ ಮೃದ್ವಸ್ಥಿ ಗಾಢ ಕೆಂಪು, ಕಳೆದುಕೊಂಡದ್ದು ಪೇಲವ. ಅಮೆರಿಕದ ಮೂಳೆವೈದ್ಯ ಹೆನ್ರಿ ಮ್ಯಾಂಕಿನ್ 1971ರಲ್ಲಿ ಈ ಬಣ್ಣ, ಮೇಲ್ಮೈಯ ಬಿರುಕು, ಕೋಶಗಳ ಗುಂಪುಗೂಡಿಕೆ ಎಲ್ಲವನ್ನೂ ಸೇರಿಸಿ ಅಂಕ ಕೊಡುವ ಕ್ರಮ ಮಾಡಿದ. ಇಂದಿನ ಹಲವು ಕ್ರಮಗಳು ಅದರ ಮುಂದುವರಿಕೆಗಳೇ.

ಈ ವಿಧಾನದಲ್ಲಿ ಕಾಣುವಷ್ಟು ವಿವರ ಬೇರೆ ಯಾವುದರಲ್ಲೂ ಸುಲಭವಾಗಿ ಕಾಣದು, ಅದನ್ನು ಕೀಳುಗಳೆಯುವವನು ನಾನಲ್ಲ. ಆದರೆ ಅದಕ್ಕೆ ತೆರುವ ಬೆಲೆ ನೋಡಿ. ಮಂಡಿಯ ಎಲ್ಲೋ ಒಂದೆಡೆಯ ನಾಲ್ಕಾರು ಪದರಗಳಿಂದ ಇಡೀ ಕೀಲಿನ ಕಥೆ ಹೇಳಬೇಕು. ಗಾಯ ಪಕ್ಕದ ಪದರದಲ್ಲಿದ್ದರೆ ಅದು ತಪ್ಪಿಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಕೊಯ್ದದ್ದನ್ನು ಮತ್ತೆ ನೋಡುವಂತಿಲ್ಲ. ಎರಡನೇ ವಾರ ಹೇಗಿತ್ತು, ನಾಲ್ಕನೇ ವಾರ ಹೇಗಾಯಿತು, ಎಂಟನೇ ವಾರಕ್ಕೆ ಏನಾಯಿತು ಎಂದು ತಿಳಿಯಲು ಮೂರು ಬೇರೆಬೇರೆ ಗುಂಪಿನ ಪ್ರಾಣಿಗಳನ್ನು ಕೊಲ್ಲಬೇಕು. ಅವುಗಳ ನಡುವಿನ ವ್ಯತ್ಯಾಸದಲ್ಲಿ ಕಾಯಿಲೆಯ ಪಾಲೆಷ್ಟು, ಪ್ರಾಣಿ ಪ್ರಾಣಿಯ ನಡುವಿನ ಹುಟ್ಟು ವ್ಯತ್ಯಾಸದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಅಂಗಾಂಶವನ್ನು ಕೆಡಿಸದೆ ನೋಡುವ ವಿಧಾನಗಳು ನಿಜವಾಗಿ ಕೊಟ್ಟದ್ದು ಕಾಲವನ್ನು. ಒಂದೇ ಕೀಲನ್ನು ಮತ್ತೆ ಮತ್ತೆ ನೋಡುವ ಅವಕಾಶವನ್ನು. ಪ್ರಾಣಿಗಳ ಸಂಖ್ಯೆಯನ್ನು ಇಳಿಸಬೇಕೆಂದು 1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಪುಸ್ತಕ ಬರೆದು ಒತ್ತಾಯಿಸಿದ್ದರು. ಆ ಒತ್ತಾಯಕ್ಕೆ ಇಲ್ಲಿ ತಾಂತ್ರಿಕ ಉತ್ತರವೂ ಸಿಕ್ಕಿತು.

ಹಾದಿ ತೆರೆದದ್ದು ಪ್ರೋಟಿಯೋಗ್ಲೈಕನ್ನಿನ ಆ ಋಣ ವಿದ್ಯುದಂಶವೇ. ಬಾಸ್ಟನ್ನಿನ ಡೆಬೊರಾ ಬರ್ಸ್ಟೀನ್, ಮಾರ್ಥಾ ಗ್ರೇ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ವಿಚಾರ ಸರಳವಾಗಿತ್ತು. ಎಂ.ಆರ್.ಐ.ಗೆ ಬಳಸುವ ಗ್ಯಾಡೋಲಿನಿಯಂ ಔಷಧಿಯ ಒಂದು ರೂಪಕ್ಕೂ ಋಣ ವಿದ್ಯುದಂಶವಿದೆ. ಮೃದ್ವಸ್ಥಿ ಆರೋಗ್ಯವಾಗಿದ್ದರೆ ಪ್ರೋಟಿಯೋಗ್ಲೈಕನ್ ಅದನ್ನು ಹೊರಗೇ ದೂಡುತ್ತದೆ. ಪ್ರೋಟಿಯೋಗ್ಲೈಕನ್ ಕಡಿಮೆಯಾದಲ್ಲಿ ಅದು ಒಳನುಗ್ಗುತ್ತದೆ. ಔಷಧಿ ಎಲ್ಲಿ ಹೆಚ್ಚು ಹೊಕ್ಕಿದೆಯೋ ಅಲ್ಲಿ ಕಾಯಿಲೆ. ರೋಗಿಯ ರಕ್ತನಾಳಕ್ಕೆ ಅದನ್ನು ಕೊಟ್ಟು, ಹತ್ತು ನಿಮಿಷ ನಡೆಸಿ, ಒಂದೂವರೆ ಎರಡು ಗಂಟೆ ಕಾದು ಚಿತ್ರ ತೆಗೆಯುತ್ತಿದ್ದರು. ನಡೆಸುವುದೇಕೆಂದರೆ ಕೀಲು ಮಡಿಚಿ ಬಿಚ್ಚಿದರೆ ಔಷಧಿ ಕೀಲಿನ ದ್ರವಕ್ಕೆ ಬೇಗ ಸೇರುತ್ತದೆ.

ಹತ್ತು ವರ್ಷಗಳ ಬಳಿಕ, 2006ರಲ್ಲಿ, ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಪಾಮರ್, ಗುಲ್ಡ್‌ಬರ್ಗ್, ಲೆವೆನ್‌ಸ್ಟನ್ ಎಂಬ ಮೂವರು ಇದೇ ತರ್ಕವನ್ನು ಎಕ್ಸ್‌-ರೇಗೆ ತಂದರು. ಅವರ ಉಪಕರಣ ಮೈಕ್ರೋ ಸಿ.ಟಿ., ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಚಿಕ್ಕ ಮತ್ತು ಬಹಳ ಸೂಕ್ಷ್ಮವಾದ ತಮ್ಮ. ಹತ್ತಿಪ್ಪತ್ತು ಮೈಕ್ರೋಮೀಟರಿನ ವಿವರವನ್ನೂ ಅದು ಮೂರು ಆಯಾಮಗಳಲ್ಲಿ ಹಿಡಿಯುತ್ತದೆ. ಔಷಧಿ ಹೆಕ್ಸಾಬ್ರಿಕ್ಸ್, ಅದರಲ್ಲಿರುವುದು ಅಯೋಡಿನ್ ಹೊತ್ತ ಋಣ ಅಯಾನು. ಅಯೋಡಿನ್ ಎಕ್ಸ್‌-ರೇಯನ್ನು ಚೆನ್ನಾಗಿ ತಡೆಯುವುದರಿಂದ ಅದು ಹೊಕ್ಕ ಮೃದ್ವಸ್ಥಿ ಚಿತ್ರದಲ್ಲಿ ಎದ್ದು ಕಾಣುತ್ತದೆ.

ಒಂದು ಇಲಿಯ ಕೆಳಗಾಲಿನ ಮೂಳೆಯ ತುದಿಯನ್ನು ಹೀಗೆ ನೋಡುವ ಬಗೆಯನ್ನು ಕೊಂಚ ಬಿಡಿಸಿ ಹೇಳಬೇಕು. ಅದರ ಮೃದ್ವಸ್ಥಿ ಕಾಲು ಮಿಲಿಮೀಟರಿಗಿಂತ ತೆಳು. ಮಂಡಿಯ ಮುಂಬದಿಯ ಕಟ್ಟನ್ನು ಮೊದಲೇ ಕತ್ತರಿಸಿ ಕೀಲನ್ನು ಸಡಿಲ ಮಾಡಿರುತ್ತಾರೆ, ಆಟಗಾರರಿಗೆ ಮೈದಾನದಲ್ಲಿ ಹರಿಯುವ ಎ.ಸಿ.ಎಲ್. ಇದೇ ಕಟ್ಟು. ಕೆಲವು ವಾರಗಳ ಮೇಲೆ ಮೂಳೆ ತೆಗೆದು ಹೆಕ್ಸಾಬ್ರಿಕ್ಸ್ ಬೆರೆಸಿದ ಉಪ್ಪುನೀರಿನಲ್ಲಿ ಇಡುತ್ತಾರೆ. ಔಷಧಿ ಒಳಗಿಳಿದು ಸಮಸ್ಥಿತಿಗೆ ಬರುವವರೆಗೆ ಕಾಯಬೇಕು. ಮೇಲ್ಮೈಯ ದ್ರಾವಣ ಒರೆಸಿ ಯಂತ್ರದೊಳಗೆ ಇಟ್ಟರೆ ಮಾದರಿ ತಿರುಗುತ್ತ ತಿರುಗುತ್ತ ನೂರಾರು ಎಕ್ಸ್‌-ರೇ ಚಿತ್ರಗಳು ಮೂಡುತ್ತವೆ, ಕಂಪ್ಯೂಟರು ಅವನ್ನು ಜೋಡಿಸುತ್ತದೆ. ಕೆಳಗೆ ಮೂಳೆಯ ಜಾಲ, ಅದರ ಮೇಲೆ ತೆಳ್ಳನೆಯ ಬೇರೊಂದು ಪದರ. ಅಂಗಾಂಶ ಆರೋಗ್ಯವಾಗಿರುವಲ್ಲಿ ಆ ಪದರದಲ್ಲಿ ಅಯೋಡಿನ್ ಕಮ್ಮಿ. ಭಾರ ಹೆಚ್ಚು ಬಿದ್ದು ಹಾಳಾದ ಒಳಬದಿಯಲ್ಲಿ ಹೆಚ್ಚು. ದಪ್ಪ, ಗಾತ್ರ, ಮೇಲ್ಮೈಯ ಗುಳಿ, ಪ್ರೋಟಿಯೋಗ್ಲೈಕನ್ನಿನ ಹಂಚಿಕೆ ಎಲ್ಲವೂ ಒಂದೇ ಸ್ಕ್ಯಾನಿನಲ್ಲಿ, ಇಡೀ ಮೇಲ್ಮೈಗೆ, ಅಂಕಿಯಲ್ಲಿ. ಅದೇ ಚಿತ್ರದಲ್ಲಿ ಕೆಳಗಿನ ಮೂಳೆ ದಪ್ಪಗಾಗಿದೆಯೇ ಎಂಬುದೂ ಸಿಗುತ್ತದೆ. ಈ ಕಾಯಿಲೆಯಲ್ಲಿ ಮೂಳೆ ಮತ್ತು ಮೃದ್ವಸ್ಥಿಗಳಲ್ಲಿ ಯಾವುದು ಮೊದಲು ಕೆಡುತ್ತದೆ ಎಂಬುದು ಹಳೆಯ ಜಗಳವಾದ್ದರಿಂದ ಇದು ಸಣ್ಣ ಲಾಭವಲ್ಲ. ಎಲ್ಲ ಮುಗಿದ ಮೇಲೆ ಮಾದರಿಯನ್ನು ಉಪ್ಪುನೀರಿನಲ್ಲಿ ಇಟ್ಟರೆ ಔಷಧಿ ಹೊರಬರುತ್ತದೆ. ಅದೇ ಮೂಳೆಯನ್ನು ಬಳಿಕ ಸಫ್ರಾನಿನ್-ಒ ದಾರಿಗೂ ಕಳಿಸಬಹುದು. ಎಲ್ಲಿ ಕೊಯ್ಯಬೇಕೆಂದು ಈಗ ಮುಂಚಿತವಾಗಿ ಗೊತ್ತಿರುತ್ತದೆ.

ಇಲ್ಲಿಯೂ ತೊಡಕುಗಳಿವೆ. ಔಷಧಿ ಒಳಗಿಳಿಯಲು ಬೇಕಾದ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಇಮ್ಮಡಿಯಾದರೆ ಕಾಯುವ ಹೊತ್ತು ನಾಲ್ಮಡಿ. ಇಲಿಗೆ ನಿಮಿಷಗಳಲ್ಲಿ ಮುಗಿಯುವುದು ಹಸುವಿನದೋ ಮನುಷ್ಯನದೋ ಮೃದ್ವಸ್ಥಿಗೆ ಬಹಳ ಗಂಟೆ ಹಿಡಿಯುತ್ತದೆ. ಅವಸರಪಟ್ಟರೆ ಅಳೆದದ್ದು ಕಾಯಿಲೆಯೋ ಅರೆಬರೆ ನೆನೆದದ್ದೋ ತಿಳಿಯದು. ಋಣ ಅಯಾನಿನ ಇನ್ನೊಂದು ತೊಡಕೆಂದರೆ ಆರೋಗ್ಯವಂತ ಮೃದ್ವಸ್ಥಿಯೇ ಮಂಕಾಗಿ ಕಾಣುವುದು. ಹುಡುಕುತ್ತಿರುವ ಅಣು ಇದ್ದಲ್ಲಿ ಸಂಕೇತ ಇಳಿಯುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಕ್ ಗ್ರಿನ್‌ಸ್ಟಾಫ್ ತಂಡ 2009ರ ಹೊತ್ತಿಗೆ ಇದನ್ನು ತಿರುಗಿಸಿತು. ಅಯೋಡಿನ್ ಅಣುವಿಗೆ ನಾಲ್ಕು ಧನಾಂಶ ಕೊಟ್ಟು ಹೊಸ ಔಷಧಿ ಮಾಡಿದರು. ಪ್ರೋಟಿಯೋಗ್ಲೈಕನ್ ಅದನ್ನು ದೂಡುವ ಬದಲು ಸೆಳೆಯುತ್ತದೆ, ಹಾಗಾಗಿ ಕಮ್ಮಿ ಔಷಧಿ ಸಾಕು, ಆರೋಗ್ಯ ಇದ್ದಲ್ಲಿ ಚಿತ್ರ ಬೆಳಗುತ್ತದೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ನಿಯೆಮಿನೆನ್, ಸಾರಕ್ಕಾಲ ಮೊದಲಾದವರು 2015ರಲ್ಲಿ ಟಂಗ್‌ಸ್ಟನ್ ಇರುವ ಒಂದು ಆಮ್ಲವನ್ನು ಬಳಸಿ ಬಲೆಯನ್ನೇ, ಅಂದರೆ ಕೊಲಾಜನ್ ಹಂಚಿಕೆಯನ್ನೇ ಮೈಕ್ರೋ ಸಿ.ಟಿ.ಯಲ್ಲಿ ತೋರಿಸಿದರು. ಆ ಆಮ್ಲ ಜೀವಂತ ಕೋಶಗಳಿಗೆ ಆಗಿಬರದು. ಮಾದರಿ ಹೋಳಾಗಲಿಲ್ಲ ಎಂದ ಮಾತ್ರಕ್ಕೆ ಅದು ಮೊದಲಿನಂತೆ ಉಳಿಯಿತು ಎನ್ನುವ ಹಾಗಿಲ್ಲ. ಕೆಡಿಸದೆ ನೋಡುವುದರಲ್ಲೂ ಮೆಟ್ಟಿಲುಗಳಿವೆ, ಪ್ರಬಂಧಗಳನ್ನು ಓದುವಾಗ ಯಾವ ಮೆಟ್ಟಿಲೆಂದು ಕೇಳಿಕೊಳ್ಳುವುದು ಒಳ್ಳೆಯದು.

ಮನುಷ್ಯರ ವಿಷಯಕ್ಕೆ ಬಂದಾಗ ಈ ಪ್ರಶ್ನೆ ಇನ್ನೂ ಗಂಭೀರ. ಗ್ಯಾಡೋಲಿನಿಯಂ ನಿರುಪದ್ರವಿ ಎಂದೇ ಬಹುಕಾಲ ನಂಬಿಕೆಯಿತ್ತು. 2006ರಲ್ಲಿ, ಕಿಡ್ನಿ ಕೆಟ್ಟವರ ಚರ್ಮ ಮತ್ತು ಒಳಅಂಗಗಳು ಗಡುಸಾಗುವ ಭೀಕರ ಕಾಯಿಲೆಗೆ ಅದರ ನಂಟು ಬೆಳಕಿಗೆ ಬಂತು. ಮಿದುಳಿನಲ್ಲಿ ಅದರ ಅಂಶ ಉಳಿಯುವುದೂ ಆಮೇಲೆ ತಿಳಿಯಿತು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ, ಬಾಸ್ಟನ್ನಿನವರು ನೆಚ್ಚಿದ್ದ ಬಗೆಯ ಔಷಧಿಯನ್ನು ರಕ್ತನಾಳಕ್ಕೆ ಕೊಡುವುದನ್ನು ಅಮಾನತಿನಲ್ಲಿಡುವಂತೆ ಶಿಫಾರಸು ಮಾಡಿತು. ಅದು ಸರಿಯಾದ ತೀರ್ಮಾನವೇ. ನೋವೇ ಇಲ್ಲದ, ಸಂಶೋಧನೆಗೆಂದು ಮುಂದೆ ಬಂದ ವ್ಯಕ್ತಿಯ ದೇಹದಲ್ಲಿ ಲೋಹ ಉಳಿಸಿ ಮೃದ್ವಸ್ಥಿಯ ನಕ್ಷೆ ಪಡೆಯುವುದನ್ನು ಸಮರ್ಥಿಸುವುದು ಕಷ್ಟ.

ಅದೃಷ್ಟಕ್ಕೆ ಎಂ.ಆರ್.ಐ. ಹೊರಗಿನ ಔಷಧಿಯನ್ನೇ ನೆಚ್ಚಿ ಕೂರಬೇಕಿಲ್ಲ. ಅದು ನೋಡುವುದು ನೀರಿನ ಹೈಡ್ರೋಜನ್ನನ್ನು, ಮೃದ್ವಸ್ಥಿ ಬಹುಪಾಲು ನೀರು. ಕಾಂತಕ್ಷೇತ್ರದಲ್ಲಿ ಕದಡಿದ ಹೈಡ್ರೋಜನ್ ಎಷ್ಟು ಬೇಗ ಶಾಂತವಾಗುತ್ತದೆ ಎಂಬುದು ಸುತ್ತಲಿನ ಬಲೆ ಅದನ್ನು ಎಷ್ಟು ಬಿಗಿಹಿಡಿದಿದೆ ಎಂಬುದನ್ನು ಅವಲಂಬಿಸಿದೆ. ಬಲೆ ಸಡಿಲವಾಗಿ ನೀರು ಹೆಚ್ಚು ಓಡಾಡತೊಡಗಿದರೆ ಟಿ-2 ಎಂಬ ಅವಧಿ ಉದ್ದವಾಗುತ್ತದೆ. ಅದನ್ನು ಬಣ್ಣದ ನಕ್ಷೆ ಮಾಡಬಹುದು. ಆದರೆ ಕೊಲಾಜನ್ ನಾರುಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿರುವಲ್ಲಿ ಟಿ-2 ಏರಿದಂತೆ ಕಾಣುತ್ತದೆ, ಆರೋಗ್ಯವಂತರಲ್ಲೂ ಸಹ. ತೊಡೆಮೂಳೆಯ ತುದಿ ದುಂಡಗಿರುವುದರಿಂದ ಎಲ್ಲೋ ಒಂದೆಡೆ ಆ ಕೋನ ಬಂದೇ ಬರುತ್ತದೆ. ಇದನ್ನು ಅರಿಯದವರು ಕೋನವನ್ನೇ ಕಾಯಿಲೆ ಎಂದು ಓದಿಬಿಡಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರವೀಂದರ್ ರೆಡ್ಡಿ ತಂಡ ಮುಂದೆ ತಂದ ಟಿ-1-ರೋ ಎಂಬ ಅಳತೆ ಪ್ರೋಟಿಯೋಗ್ಲೈಕನ್ ನಷ್ಟಕ್ಕೆ ಸ್ಪಂದಿಸುತ್ತದೆ, ಅದರ ಮೇಲೆ ಕೊಲಾಜನ್ನಿನ ಪ್ರಭಾವವೂ ಇದ್ದೇ ಇದೆ. ಅತ್ಯಂತ ನೇರ ದಾರಿ ಸೋಡಿಯಂ ಎಂ.ಆರ್.ಐ. ಋಣಾಂಶ ಇದ್ದಷ್ಟು ಸೋಡಿಯಂ ಇರುತ್ತದೆ, ಹಾಗಾಗಿ ಸೋಡಿಯಂ ಎಣಿಸಿದರೆ ಪ್ರೋಟಿಯೋಗ್ಲೈಕನ್ ಎಣಿಸಿದಂತೆ. ಆದರೆ ಸೋಡಿಯಂನ ಸಂಕೇತ ಹೈಡ್ರೋಜನ್ನಿಗಿಂತ ಸಾವಿರಾರು ಪಟ್ಟು ಕ್ಷೀಣ. ವಿಶೇಷ ಸುರುಳಿ, ಬಲವಾದ ಕಾಂತ, ಹೆಚ್ಚು ಹೊತ್ತು ಎಲ್ಲ ಬೇಕು. ನಮ್ಮೂರಿನ ಸ್ಕ್ಯಾನ್ ಸೆಂಟರಿನ ಎಂ.ಆರ್.ಐ. ಬಿಲ್ಲಿನಲ್ಲಿ ಇದು ಸದ್ಯಕ್ಕೆ ಬರುವುದಿಲ್ಲ.

ಇನ್ನೆರಡು ದಾರಿಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಕೀಲಿನೊಳಗೆ ತೆಳು ನಳಿಕೆ ತೂರಿಸಿ ಬೆಳಕಿನ ಪ್ರತಿಫಲನದಿಂದ ಮೃದ್ವಸ್ಥಿಯ ಮೇಲಿನ ಒಂದೆರಡು ಮಿಲಿಮೀಟರನ್ನು ಸೂಕ್ಷ್ಮವಾಗಿ ನೋಡುವ ಓ.ಸಿ.ಟಿ. ಒಂದು. ಕಣ್ಣಿನ ಡಾಕ್ಟರ ಬಳಿ ಅಕ್ಷಿಪಟಲ ನೋಡುವ ಯಂತ್ರ ಅದೇ. ಇನ್ನೊಂದು ಫೇಸ್ ಕಾಂಟ್ರಾಸ್ಟ್: ಎಕ್ಸ್‌-ರೇ ಎಷ್ಟು ಹೀರಲ್ಪಟ್ಟಿತು ಎನ್ನುವುದರ ಬದಲು ಎಷ್ಟು ಬಾಗಿತು ಎಂದು ಅಳೆಯುವುದು. ಮೃದು ಅಂಗಾಂಶದಲ್ಲಿ ಈ ಬಾಗು ಬಹಳ ಹೆಚ್ಚು ಸುಳಿವು ಕೊಡುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ, ಪ್ರಖರ ಎಕ್ಸ್‌-ರೇ ಹೊಮ್ಮಿಸುವ ಸಿಂಕ್ರೊಟ್ರಾನ್ ಯಂತ್ರದಂಥ ಕಡೆ ಯಾವ ಔಷಧಿಯೂ ಇಲ್ಲದೆ ಮೃದ್ವಸ್ಥಿಯ ಒಳರಚನೆಯನ್ನು ಹೀಗೆ ತೋರಿಸಿದ್ದಾರೆ. ಇಂದೋರಿನ ನಮ್ಮ ಇಂಡಸ್-2 ಸಿಂಕ್ರೊಟ್ರಾನಿನಲ್ಲೂ ಫೇಸ್ ಕಾಂಟ್ರಾಸ್ಟ್ ಚಿತ್ರಣದ ಅನುಕೂಲವಿದೆ. ರೋಗಿಯನ್ನು ಕರೆದೊಯ್ಯುವ ಜಾಗವಲ್ಲ ಅದು, ತುಣುಕುಗಳನ್ನು ಕಳಿಸುವ ಜಾಗ.

ರೋಗಿಗಳ ಮಂಡಿಯಲ್ಲಿ ಕಾಲದ ಜಾಡು ಹಿಡಿದದ್ದು ಅಮೆರಿಕದ ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್ ಎಂಬ ಅಧ್ಯಯನ. 2004ರಿಂದ 2006ರ ನಡುವೆ ಬಾಲ್ಟಿಮೋರ್, ಕೊಲಂಬಸ್, ಪಿಟ್ಸ್‌ಬರ್ಗ್, ಪಾಟಕೆಟ್ ಎಂಬ ನಾಲ್ಕು ಊರುಗಳಲ್ಲಿ 45ರಿಂದ 79 ವರ್ಷದ 4,796 ಜನ ಸೇರಿದರು. ಮಂಡಿ ಸವೆದವರು, ಸವೆಯುವ ಸಂಭವ ಇದ್ದವರು, ಏನೂ ಇಲ್ಲದವರು ಎಲ್ಲರೂ ಅದರಲ್ಲಿದ್ದರು. ಎಕ್ಸ್‌-ರೇ ಮತ್ತು 3 ಟೆಸ್ಲಾ ಎಂ.ಆರ್.ಐ. ವರ್ಷಗಟ್ಟಲೆ ಮತ್ತೆ ಮತ್ತೆ ನಡೆಯಿತು. ಚಿತ್ರಗಳನ್ನು ಯಾವ ದೇಶದ ಸಂಶೋಧಕರು ಬೇಕಾದರೂ ಪಡೆಯುವಂತೆ ಬಿಟ್ಟುಕೊಟ್ಟರು. ಸಾರ್ವಜನಿಕ ಹಣದ ವಿಜ್ಞಾನ ಹೇಗಿರಬೇಕು ಎಂಬುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದು.

ಇಷ್ಟೆಲ್ಲ ಚೆನ್ನಾಗಿ ಕಾಣತೊಡಗಿದ ಮೇಲೆ ಒಂದು ಕಸಿವಿಸಿಯ ಸತ್ಯವೂ ಕಂಡಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ, ಎಕ್ಸ್‌-ರೇಯಲ್ಲಿ ಸವೆತದ ಗುರುತೇ ಇಲ್ಲದ 710 ಜನರ ಮಂಡಿಗೆ ಎಂ.ಆರ್.ಐ. ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೂರಕ್ಕೆ 89 ಜನರಲ್ಲಿ ಏನಾದರೊಂದು ಊನ ಇತ್ತು. ನೋವಿದ್ದವರಲ್ಲೂ ಇಲ್ಲದವರಲ್ಲೂ ಪ್ರಮಾಣ ಹೆಚ್ಚುಕಡಿಮೆ ಹತ್ತಿರ ಹತ್ತಿರವೇ. ಐವತ್ತು ದಾಟಿದವರ ಎಂ.ಆರ್.ಐ. ರಿಪೋರ್ಟಿನಲ್ಲಿ 'ಕಾರ್ಟಿಲೇಜ್ ಹಾನಿ' ಎಂಬ ಸಾಲು ಕಂಡು ಮನೆಮಂದಿಯೆಲ್ಲ ನಿದ್ದೆಗೆಡುವ ಮುನ್ನ ಈ ಅಂಕಿ ಅವರಿಗೆ ತಿಳಿದಿರಲಿ ಎಂಬುದು ನನ್ನ ಆಸೆ.

ಔಷಧಿಯ ವಿಷಯದಲ್ಲೂ ಇದೇ ಪೇಚು. ಸ್ಪ್ರೈಫರ್ಮಿನ್ ಎಂಬುದು ಮೃದ್ವಸ್ಥಿಯ ಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನು, ಮಂಡಿಯೊಳಗೆ ಚುಚ್ಚುಮದ್ದಾಗಿ ಕೊಡುವುದು. 549 ಜನರ ಮೇಲೆ ನಡೆದ ಪರೀಕ್ಷೆಯ ಎರಡು ವರ್ಷಗಳ ಫಲಿತಾಂಶ 2019ರಲ್ಲಿ ಬಂತು. ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣ ಪಡೆದವರ ಮೃದ್ವಸ್ಥಿ, ಹುಸಿಮದ್ದು ಪಡೆದವರದಕ್ಕಿಂತ ಸರಾಸರಿ 0.05 ಮಿಲಿಮೀಟರ್ ದಪ್ಪ. ಎಂ.ಆರ್.ಐ.ಯ ಒಂದೊಂದು ಚುಕ್ಕಿಯೂ ಇದರ ಹಲವು ಪಟ್ಟು ದೊಡ್ಡದು. ಇಡೀ ಮೇಲ್ಮೈಯ ಸಾವಿರಾರು ಬಿಂದುಗಳ ಸರಾಸರಿ, ಅದರ ಮೇಲೆ ನೂರಾರು ರೋಗಿಗಳ ಸರಾಸರಿ ತೆಗೆದಾಗ ಮಾತ್ರ ಇಷ್ಟು ಸಣ್ಣ ವ್ಯತ್ಯಾಸ ಗದ್ದಲದಿಂದ ಮೇಲೇಳುತ್ತದೆ. ಮೃದ್ವಸ್ಥಿ ದಪ್ಪಗಾಯಿತು, ಸರಿ. ನೋವು ಮತ್ತು ಓಡಾಟದ ಅಂಕದಲ್ಲಿ ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸವಿರಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಅದರ ಹಿಂದಿನ ವರ್ಷವೇ ಹೊರಡಿಸಿದ ಕರಡು ಮಾರ್ಗಸೂಚಿ ಕೇಳಿದ್ದೂ ಇದನ್ನೇ: ರಚನೆಯಲ್ಲಿ ಎಷ್ಟು ಬದಲಾದರೆ ರೋಗಿಗೆ ಉಪಯೋಗವಾಗುತ್ತದೆ ಎಂದು ತೋರಿಸಿ.

ಇದನ್ನು ನೋಡಿ ಚಿತ್ರಣವೇ ವ್ಯರ್ಥ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನರವೇ ಇಲ್ಲದ ಅಂಗಾಂಶ ದಪ್ಪಗಾದ ಕೂಡಲೇ ನೋವು ಇಳಿಯಬೇಕೆಂದು ನಿರೀಕ್ಷಿಸಿದ್ದೇ ಅತಿ. ನೋವು ಎಲ್ಲಿಂದ ಬರುತ್ತದೆ ಎಂಬ ಸುಳಿವನ್ನು ಕೊಟ್ಟದ್ದೂ ಇದೇ ಚಿತ್ರಗಳು. ಮೃದ್ವಸ್ಥಿಯ ಕೆಳಗಿನ ಮೂಳೆಯೊಳಗೆ ಎಂ.ಆರ್.ಐ.ಯಲ್ಲಿ ಕಾಣುವ ಮಸುಕು ಕಲೆಗಳಿಗೂ ಮಂಡಿನೋವಿಗೂ ನಂಟಿದೆ ಎಂದು ಬಾಸ್ಟನ್ನಿನ ಡೇವಿಡ್ ಫೆಲ್ಸನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಎಕ್ಸ್‌-ರೇಯಲ್ಲಿ ಅವು ಕಾಣುವುದೇ ಇಲ್ಲ. ಕೀಲಿನ ಒಳಪೊರೆಯ ಉರಿಯೂತವೂ ಹಾಗೆಯೇ.

ಈಗ ನಡೆಯುತ್ತಿರುವ ಒಂದಷ್ಟು ಕೆಲಸ ಇನಿಶಿಯೇಟಿವ್‌ನ ಹಳೆಯ ಚಿತ್ರಗಳ ಮೇಲೆಯೇ. ಮೊದಲೆಲ್ಲ ಒಂದು ಮಂಡಿಯ ಮೃದ್ವಸ್ಥಿಯ ಅಂಚನ್ನು ಪದರ ಪದರವಾಗಿ ಕೈಯಲ್ಲಿ ಗುರುತಿಸಲು ತರಬೇತಾದವರಿಗೆ ಗಂಟೆಗಟ್ಟಲೆ ಬೇಕಿತ್ತು. 2019ರಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಇನಿಶಿಯೇಟಿವ್‌ನ 88 ಜನರ ಎರಡೆರಡು ಸ್ಕ್ಯಾನುಗಳನ್ನು ಕೊಟ್ಟು ಕಂಪ್ಯೂಟರುಗಳಿಂದ ಅದನ್ನು ಮಾಡಿಸಿದರು. ಬೇರೆಬೇರೆ ತಂಡಗಳ ಬೇರೆಬೇರೆ ವಿಧಾನಗಳು ಹೆಚ್ಚುಕಡಿಮೆ ಒಂದೇ ಮಟ್ಟದ ಉತ್ತರ ಕೊಟ್ಟವು. ಗುರುತಿಸುವ ಕೆಲಸ ಯಂತ್ರಕ್ಕೆ ಹೋದ ಮೇಲೆ ಸಾವಿರಾರು ಮಂಡಿಗಳನ್ನು ಒಟ್ಟಿಗೆ ನೋಡಬಹುದಾಯಿತು. 2004-06ರಲ್ಲಿ ಸೇರಿದವರಲ್ಲಿ ಯಾರಿಗೆ ಮಂಡಿ ಬದಲಿಸಬೇಕಾಯಿತು, ಯಾರು ಇನ್ನೂ ತಮ್ಮ ಮಂಡಿಯಲ್ಲೇ ನಡೆದರು ಎಂಬುದು ದಾಖಲೆಯಲ್ಲಿದೆ. ಸಂಶೋಧಕರು ಆ ಜನರ ಮೊದಲ ಸ್ಕ್ಯಾನಿಗೆ ಮರಳುತ್ತಿದ್ದಾರೆ. ಎಕ್ಸ್‌-ರೇ ಏನೂ ಇಲ್ಲ ಎಂದಿದ್ದ ಆ ದಿನ ಟಿ-2 ನಕ್ಷೆಯಲ್ಲಿ, ಮೂಳೆಯ ಕಲೆಯಲ್ಲಿ, ಮೆನಿಸ್ಕಸ್ಸಿನ ಜಾಗದಲ್ಲಿ ಏನಿತ್ತು ಎಂದು ಹುಡುಕುತ್ತಿದ್ದಾರೆ.